ದಿಡ್ಡಿ ಬಾಗಿಲಲ್ಲಿ ಬೀಗಿತ್ತಿ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕಟ್ಟಿದವರು ಮಧುಗಿರಿಯವರಲ್ಲ ಎಂದು ನಾನು ದೇವರ ಮುಂದೆ ನಿಂತು ಬೇಕಾದರೂ ಹೇಳಬಲ್ಲೆ. ನಮ್ಮೂರ ಬೆಟ್ಟ ದೂರದಿಂದಲೂ ನುಣ್ಣಗೆ, ಹತ್ತಿರದಿಂದಲೂ ನುಣ್ಣಗೆ. ತೊಂದರೆ ಇರುವುದೇ ಅಲ್ಲಿ, ಕಾಲಿಟ್ಟರೆ ಜಾರುತ್ತದೆ. ಇಡೀ ಬೆಟ್ಟವೇ ಒಂದು ಕಲ್ಲು. ಅದರ ಮೈಮೇಲೆ ಕೋಟೆಗೋಡೆ ಶಿವದಾರದ ಹಾಗೆ ಇಳಿಬಿದ್ದಿದೆ. ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ ತಲೆ ಎತ್ತಿದರೆ ನನಗೆ ಅದೇ ಮೊದಲ ದರ್ಶನ. ಗರ್ವ ಪಡಬಾರದು ಎಂದು ಹಿರಿಯರು ಹೇಳುತ್ತಾರೆ. ಒಡವೆಯ ಗರ್ವ ಪಡೋಣವೆಂದರೆ ಅಷ್ಟು ಒಡವೆ ಇಲ್ಲ. ಅಡುಗೆಯ ಗರ್ವ ಪಟ್ಟ ದಿನವೇ ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ. ಗಂಡನ ಗರ್ವ... ಅದು ಇರಲಿ. ಹಾಗಾಗಿ ನನ್ನ ಪಾಲಿಗೆ ಬಂದ ಗರ್ವವನ್ನೆಲ್ಲ ಶಿವ ಆ ಗೋಡೆಯ ಮೇಲೇ ಇಟ್ಟಿದ್ದಾನೆ.

ನಮ್ಮ ಯಜಮಾನರು ಕೋರ್ಟಿನಲ್ಲಿ ಗುಮಾಸ್ತರು. ಸಾಕ್ಷಿ ಇಲ್ಲದೆ ಏನನ್ನೂ ಒಪ್ಪದವರು. ಅವರೂ ಈ ಒಂದು ವಿಷಯದಲ್ಲಿ ನನ್ನ ಪಕ್ಷ. "ಚೀನಾದ ಗೋಡೆ ಚಂದ್ರನಿಂದ ಕಾಣುತ್ತಂತೆ ಕಣೇ. ಚಂದ್ರನಿಗೆ ಹೋಗಿ ನೋಡೋರು ಯಾರು? ನಮ್ಮದು ಕೊರಟಗೆರೆ ದಾಟಿದರೆ ಬಸ್ಸಿಂದಲೇ ಕಾಣುತ್ತೆ" ಅನ್ನುತ್ತಿದ್ದರು. ಆ ಮಾತನ್ನು ನಾನು ಬಂದ ನೆಂಟರಿಗೆಲ್ಲ ಕಾಫಿಯ ಜೊತೆ ಕೊಡುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಗಿರಿಜೆಯನ್ನು ಮೈಸೂರಿಗೆ ಕೊಟ್ಟು ವರ್ಷ ತುಂಬುವಷ್ಟರಲ್ಲಿ ಶಿವ ಕಣ್ಣು ಬಿಟ್ಟ, ಹುಡುಗಿ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದು ಕೇಳಿ ಪಡೆಯುವ ಹಕ್ಕಲ್ಲ. ಆದರೆ ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಅರಮನೆಯ ದೀಪ ನೋಡಿಕೊಂಡು ಬೆಳೆದವರು. "ಆ ಬಂಡೆಗಲ್ಲಿನ ಊರಿಗೆ ಹೇಗೆ ಕಳಿಸೋದು? ಒಂದು ಸಲ ಬಂದು ನೋಡಿ ಹೇಳ್ತೀನಿ" ಎಂದು ಹೇಳಿ ಕಳಿಸಿದರು. ಮಾಗಿಯ ಚಳಿಯಲ್ಲಿ ಶಾಲು ಹೊದ್ದು ಬಂದಿಳಿದರು. ಬಚ್ಚಲು ನೋಡಿದರು, ಹಂಡೆ ನೋಡಿದರು, ಬಾಣಂತಿಯ ಕೋಣೆಯ ಕಿಟಕಿ ತೆರೆದು ಮುಚ್ಚಿದರು. ಅವರೆಕಾಳಿನ ಉಪ್ಪಿಟ್ಟು ತಿಂದು, "ಸೊಗಡು ಪರವಾಗಿಲ್ಲ" ಎಂದರು. ಮಗಳು ಬರುತ್ತಾಳೋ ಇಲ್ಲವೋ ಎಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ. ಕೊನೆಗೆ, "ನಿಮ್ಮೂರಲ್ಲಿ ನೋಡೋಕೆ ಇನ್ನೇನಿದೆ?" ಎಂದು ಕೇಳಿದರು. ಆ "ಇನ್ನೇನಿದೆ"ಯ ರಾಗ ಕೇಳಿ ನನಗೆ ಚಳಿಯಲ್ಲೂ ಮೈ ಬಿಸಿಯಾಯಿತು.

ಅಂದು ಭಾನುವಾರ. ಬೆಟ್ಟದ ಮುಂಭಾಗದಲ್ಲಿ ಜಾತ್ರೆಯಷ್ಟು ಜನ. ಬಸ್ಸಿನಲ್ಲಿ ಬಂದ ಶಾಲೆಯ ಮಕ್ಕಳು, ಹೊಸದಾಗಿ ಮದುವೆಯಾದವರು, ಕಡಲೆಕಾಯಿ ಮಾರುವವರು. ಬೀಗಿತ್ತಿಯ ಮಂಡಿನೋವಿಗೆ ಮೆಟ್ಟಿಲು ಆಗದು, ಗದ್ದಲವೂ ಆಗದು. ನಾನಾದರೋ ಸೋಮವಾರದ ಬಿಲ್ವಪತ್ರೆಗೆ ಗೋಡೆಯ ಹಿಂಬದಿಗೆ ಹೋಗುವವಳು. ಅಲ್ಲಿ ನರಪಿಳ್ಳೆ ಇರುವುದಿಲ್ಲ. ಗೋಡೆ, ಎಳೆಬಿಸಿಲು, ಒಂದಷ್ಟು ಮೇಕೆ. "ಬೀಗರೇ, ಮುಂದೆ ಬೇಡ, ನೂಕುನುಗ್ಗಲು. ನಿಮ್ಮನ್ನ ದಿಡ್ಡಿ ಬಾಗಿಲಲ್ಲಿ ಕರ್ಕೊಂಡು ಹೋಗ್ತೀನಿ ಬನ್ನಿ" ಎಂದೆ, ಬಹಳ ಪ್ರೀತಿಯಿಂದಲೇ.

ಬೀಗಿತ್ತಿಯ ಮುಖ ಕಪ್ಪಿಟ್ಟಿತು. ಚಳಿ ಇರಬೇಕು ಎಂದುಕೊಂಡು ಶಾಲು ಸರಿಪಡಿಸಿದೆ.

ದಾರಿಯುದ್ದಕ್ಕೂ ಅವರು ತುಟಿ ಎರಡು ಮಾಡಲಿಲ್ಲ. ಅವರು ಸುಮ್ಮನಿದ್ದಷ್ಟೂ ನನ್ನ ಬಾಯಿ ಜೋರಾಯಿತು. "ನೋಡಿ ಈ ಕಲ್ಲು! ಗಾರೆ ಇಲ್ಲ, ಮಣ್ಣಿಲ್ಲ. ಕಲ್ಲಿಗೆ ಕಲ್ಲು ಕೂರಿಸಿದ್ದಾರೆ. ಸಂದಿಯಲ್ಲಿ ಸೂಜಿ ತೂರೋದಿಲ್ಲ" ಎಂದು ಗೋಡೆ ತಟ್ಟಿ ತೋರಿಸಿದೆ. ಬೀಗಿತ್ತಿ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದರು, ನೆಟ್ಟಗೆ ಮಾಡಿದರು, ಎರಡು ಕಲ್ಲುಗಳ ನಡುವೆ ಇಟ್ಟರು. ಪಿನ್ನು ಸಲೀಸಾಗಿ ಒಳಗೆ ಹೋಯಿತು. ಹೋದದ್ದು ಈಚೆಗೆ ಬರಲೂ ಇಲ್ಲ. ಅವರು ನನ್ನ ಮುಖ ನೋಡಿದರು. "ಅದು ಪಿನ್ನು, ಸರಿ" ಎಂದೆ ನಾನು. "ಸೂಜಿ ತೂರಿಸಿ ನೋಡೋಣ." ಶಿವನೇ, ಆ ಹೊತ್ತಿಗೆ ಅವರ ಹತ್ತಿರ ಸೂಜಿ ಇಲ್ಲದ ಹಾಗೆ ನೋಡಿಕೊಂಡೆಯಲ್ಲ, ಅಷ್ಟು ಸಾಕು.

ಮುಂದೆ ಮೇಕೆ ಮೇಯಿಸುತ್ತಿದ್ದ ಸಿದ್ದಮ್ಮ ಸಿಕ್ಕಳು. ನನಗೆ ಬಿಲ್ವದ ಕೊಂಬೆ ಬಗ್ಗಿಸಿ ಕೊಡುವವಳು ಅವಳೇ. "ಅಕ್ಕೋ, ಇವತ್ತು ಸ್ವಾಮಾರ ಅಲ್ವಲ್ಲ, ಇಂಗ್ ಬಂದ್ಬುಟ್ಟೆ? ಯಾರವ್ವ ಇವ್ರು?" ಎಂದಳು.

"ನಮ್ಮ ಬೀಗಿತ್ತಿ, ಸಿದ್ದಮ್ಮ. ಮೈಸೂರೋರು."

ಕೇಳುವವರು ಒಬ್ಬರು ಸಿಕ್ಕಿದ್ದೇ ತಡ, ಬೀಗಿತ್ತಿಯ ಕಟ್ಟೆ ಒಡೆಯಿತು. "ನೀನಾದರೂ ಹೇಳಮ್ಮ. ನಮ್ಮ ಮನೇಲಿ ದಿಡ್ಡಿ ಬಾಗಿಲಲ್ಲಿ ಮುಸುರೆ ಪಾತ್ರೆ ಹೋಗುತ್ತೆ, ಕಸದ ಬುಟ್ಟಿ ಹೋಗುತ್ತೆ. ಗಂಡಿನ ತಾಯಿ ಬಂದರೆ ಆರತಿ ಎತ್ತಿ ಮುಂಬಾಗಿಲಲ್ಲಿ ಕರೀತಾರೆ. ಇವರು ನನಗೆ ಬಾಯಿಬಿಟ್ಟೇ ಹೇಳಿದರು, ದಿಡ್ಡಿ ಬಾಗಿಲಲ್ಲಿ ಬಾ ಅಂತ! ಇಂಥವರ ಮನೆಗೆ ಸೊಸೇನ ಹೇಗೆ ಕಳಿಸಲಿ?"

ಹಿತ್ತಿಲ ಬಾಗಿಲಿಗೂ ಅದೇ ಹೆಸರು ಎಂಬುದು ನನಗೆ ತಿಳಿಯದ್ದೇನಲ್ಲ; ಆದರೆ ಕೋಟೆಯ ಕೆಳಗೆ ಬದುಕುವವರ ಬಾಯಲ್ಲಿ ದಿಡ್ಡಿ ಬಾಗಿಲು ಎಂದರೆ ಕೋಟೆಯದೇ. ಒಂದು ಮಾತಿಗೆ ನನ್ನ ಮಗಳ ಬಾಣಂತನ ಕೈಬಿಟ್ಟು ಹೋಗುತ್ತಿತ್ತು. ವಿವರಿಸಲು ಹೋದೆ, ಸಿದ್ದಮ್ಮ ಬಿಡಲಿಲ್ಲ.

ಸಿದ್ದಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಅಯ್ಯೋ ಬುಡ್ರವ್ವ! ಮಾತಾಡಿದ್ ಸಾಕು, ಆ ಮೂಲೆ ತಿರುಗ್ರಿ. ಅದ್ಯಾವ್ ಕಸದ ಬುಟ್ಟಿ ಓಗ್ತದೋ ನೋಡನ."

ತಿರುಗಿದೆವು. ಎದುರಿಗೆ ಬಾಗಿಲು. ಎರಡು ಕಡೆಯೂ ಒಂದೊಂದೇ ಕಲ್ಲಿನ ಕಂಬ, ಮೇಲೆ ಅಡ್ಡಲಾಗಿ ಒಂದೇ ಕಲ್ಲಿನ ತೊಲೆ. ತಲೆಯ ಮೇಲೆ ಗೋಡೆ, ಗೋಡೆಯ ಮೇಲೆ ಬೆಟ್ಟ, ಬೆಟ್ಟದ ಮೇಲೆ ಮತ್ತೆ ಗೋಡೆ. ಮಾಗಿಯ ಬಿಸಿಲು ಕಲ್ಲಿನ ಮೇಲೆ ತುಪ್ಪದ ಹಾಗೆ ಹರಡಿತ್ತು. ಬೀಗಿತ್ತಿ ತಲೆ ಎತ್ತಿದರು, ಇನ್ನೂ ಎತ್ತಿದರು, ಶಾಲು ಜಾರಿ ಬಿದ್ದದ್ದೂ ಗೊತ್ತಾಗಲಿಲ್ಲ.

"ಇದು... ನಿಮ್ಮ ದಿಡ್ಡಿ ಬಾಗಿಲೇ?"

"ಹೌದು ಬೀಗರೇ."

"ದಿಡ್ಡಿ ಬಾಗಿಲೇ ಹೀಗಿದ್ದರೆ ಹೆಬ್ಬಾಗಿಲು ಹೇಗಿರಬೇಡ!"

ಗೋಡೆ ಕಟ್ಟಿಸಿದ ಪಾಳೆಯಗಾರರಿಗೂ ಅಷ್ಟು ಹೆಮ್ಮೆ ಆಗಿರಲಾರದು. ನಾನು ಮಾತಾಡಲಿಲ್ಲ, ಮಾತಾಡಿದರೆ ಮತ್ತೆ ಸೂಜಿಯ ವಿಷಯ ಬಂದೀತು ಎಂಬ ಭಯ. ಬೀಗಿತ್ತಿ ಹೊಸಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಬಲಗಾಲಿಟ್ಟು ಒಳಗೆ ಹೋದರು. ಸಿದ್ದಮ್ಮ ಆರತಿಯ ಬದಲು ತನ್ನ ಕೋಲನ್ನೇ ಅವರ ಮುಂದೆ ನಿವಾಳಿಸಿ, "ಈಗ ಸರಿ ಓಯ್ತೇನವ್ವ?" ಎಂದಳು. ಮೂವರೂ ನಕ್ಕೆವು. ಒಳಗೆ ಗೋಡೆಗೆ ಬೆನ್ನು ಕೊಟ್ಟು ಬಿಸಿಲು ಕಾಯಿಸುತ್ತ ಕೂತಿದ್ದಾಗ ಬೀಗಿತ್ತಿ, "ಎಂಥ ಗಾಳಿ, ಎಂಥ ನಿಶ್ಶಬ್ದ! ಮಂಡಿನೋವೂ ಕಡಿಮೆ ಆದ ಹಾಗಿದೆ. ಮುಂದಿನ ತಿಂಗಳು ಗಿರಿಜೇನ ಕರೆತರ್ತೀನಿ" ಎಂದರು. ನಾನು ಬೆಟ್ಟದ ಕಡೆ ತಿರುಗಿ ಕೈಮುಗಿದೆ.

ಅವರು "ಕಳಿಸ್ತೀನಿ" ಎನ್ನದೆ "ಕರೆತರ್ತೀನಿ" ಎಂದದ್ದನ್ನು ನಾನು ಆಗಲೇ ಗಮನಿಸಬೇಕಿತ್ತು.

ಗಿರಿಜೆಯ ಟ್ರಂಕಿನ ಹಿಂದೆಯೇ ಇನ್ನೊಂದು ದೊಡ್ಡ ಟ್ರಂಕು ಇಳಿಯಿತು. ಮಗು ಹುಟ್ಟಿತು, ಗಂಡು, ಶಿವನ ದಯೆ. ನೋಡಲು ಬಂದವರಿಗೆಲ್ಲ ಬೀಗಿತ್ತಿ ಜಗಲಿಯಲ್ಲಿ ಕೂತು ನಮ್ಮ ಗೋಡೆಯ ಮಹಿಮೆಯನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದರು, ಚೀನಾದ ಗೋಡೆಯ ಜೊತೆ ಚಂದ್ರನೂ ಬಂದು ಹೋಗುತ್ತಿದ್ದ. ನಾನು ಒಳಗೆ ಹಂಡೆಗೆ ಸೌದೆ ತಳ್ಳುತ್ತ ಕೇಳಿಸಿಕೊಳ್ಳುತ್ತಿದ್ದೆ. ಹೆಮ್ಮೆ ಆಗುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಏನು ಮಾಡುವುದು, ನಮ್ಮೂರ ಗಾಳಿ ಅವರ ಮಂಡಿಗೆ ಹಿಡಿಸಿಬಿಟ್ಟಿತ್ತು. ಬಾಣಂತನ ಮುಗಿಯುವವರೆಗೂ ಮನೆಯಲ್ಲಿ ಬಾಣಂತಿ ಒಬ್ಬಳೇ, ನಾನು ಎಣ್ಣೆ ತಿಕ್ಕಿ ನೀರು ಹಾಕಿದ್ದು ಮಾತ್ರ ಇಬ್ಬರಿಗೆ.