ಮೂಳೆ ಪಾಠಕ್ಕೆ ಎಡಗಡೆ ಹೂ

ನಮ್ಮ ವಂಶದಲ್ಲಿ ಬಿ.ಎ. ಪಾಸು ಮಾಡಿದ ಮೊದಲನೆಯ ಮನುಷ್ಯ ನನ್ನ ಮೊಮ್ಮಗ ಸಿದ್ದರಾಜು. ಹುಣಸೂರು ಸಂತೆಯಲ್ಲಿ ಈ ಸಂಗತಿ ತಿಳಿಯದವರು ಯಾರಾದರೂ ಉಳಿದಿದ್ದರೆ ತಪ್ಪು ನನ್ನದಲ್ಲ. ಮಾರಾಟಕ್ಕೆ ಬಂದ ಎತ್ತುಗಳಿಗೂ ಹೇಳಿದ್ದೇನೆ! ಈಗ ಅವನು ಮದರಾಸಿಗೆ ಹೋಗಿ ವ್ಯಾಯಾಮದ ದೊಡ್ಡ ಓದು ಓದುತ್ತಾನಂತೆ. ಕೀಲು ಹೇಗೆ ಮಡಚುತ್ತದೆ, ಓಡುವವನಿಗೆ ಏಕೆ ಏದುಸಿರು ಬರುತ್ತದೆ, ಎಲ್ಲಕ್ಕೂ ಪಾಠವಿದೆಯಂತೆ.

"ಯಾವ್ಯಾವ ಪಾಠ ತಗೋತೀನಿ ಅಂತ ಈ ವಾರವೇ ಬರ್ದು ಕಳಿಸ್ಬೇಕು ತಾತ. ಕುಸ್ತಿ, ಈಜು, ಮೂಳೆ ಪಾಠ, ಎಲ್ಲಾ ಐತೆ" ಎಂದವನು ಪಿರಿಯಾಪಟ್ಟಣದ ಸೋದರತ್ತೆಗೆ ಹೇಳಿಬರಲು ಹೋದ.

ಇಂಥ ತೀರ್ಮಾನವನ್ನು ಹುಡುಗನ ಕೈಗೆ ಬಿಡಲಾದೀತೆ? ನಮ್ಮಲ್ಲಿ ಬಾವಿ ತೋಡುವುದಕ್ಕೂ ಊರಮ್ಮನ ಹೂ ಕೇಳುತ್ತೇವೆ. ವಿಗ್ರಹದ ಎರಡೂ ಬದಿಗೆ ಒದ್ದೆ ಹೂ ಅಂಟಿಸಿ, ಕೇಳುವವರು ಮಿಂದು ಒದ್ದೆ ಬಟ್ಟೆಯಲ್ಲಿ ಎದುರು ಕೂರುವುದು. ಹೂ ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. ಅಪೀಲಿಲ್ಲ!

ನಾನೇ ಹೋಗಿ ಕೂತೆ. ಪೂಜಾರಿ ಮಾದಪ್ಪ ಒಂದೊಂದೇ ಪಾಠದ ಹೆಸರು ಹೇಳಿದ. ಕುಸ್ತಿಗೆ ಎಡ. ಈಜಿಗೆ ಬಲ. ಮೂಳೆ ಪಾಠಕ್ಕೆ ಎಡ!

"ಇನ್ನೊಂದ್ ಸಾರಿ ಕೇಳ್ಲಾ."

"ಎರಡ್ನೇ ಸಾರಿ ಕೇಳಂಗಿಲ್ಲ ಕಣಣ್ಣ."

"ಈ ಗುಡಿಗೆ ಗಂಟೆ ಕೊಟ್ಟೋನು ನಾನು. ಕೇಳ್ಲಾ!"

ಕೇಳಿದ. ಎಡಗಡೆ ಅಂಟಿಸಿದ್ದ ಹೂವೆಲ್ಲ ಒಟ್ಟಿಗೆ ಉದುರಿದವು.

ಸಿದ್ದ ಊರಿಗೆ ಬಂದ ಕೂಡಲೇ ಹೇಳಿದೆ: "ಮೂಳೆ ಪಾಠ ಬುಟ್ಬುಡು."

"ಅದ್ನ ಬುಟ್ರೆ ಆ ಓದೇ ಇಲ್ಲ ತಾತ. ಒಳಕ್ಕೇ ಸೇರಿಸ್ಕೊಳಲ್ಲ."

"ಅಂಗಾದ್ರೆ ಮದರಾಸೇ ಬ್ಯಾಡ!"

ಜಗಳವಾಡಿದ್ದರೆ ಸಮಾಧಾನವಾಗುತ್ತಿತ್ತು. ಆ ಬಿ.ಎ. ಪಾಸಾದವನು ಟ್ರಂಕಿನಿಂದ ಒಂದೊಂದೇ ಅಂಗಿ ತೆಗೆದು ಗೂಟಕ್ಕೆ ನೇತುಹಾಕತೊಡಗಿದ. ನನಗೆ ರೇಗಿಹೋಯಿತು. ಮದರಾಸಿನವರ ಮೇಲೆ, ಮಾದಪ್ಪನ ಮೇಲೆ, ಕೊನೆಗೆ ಊರಮ್ಮನ ಮೇಲೂ! ಅವರ‍್ಯಾರೂ ಕೈಗೆ ಸಿಗಲಿಲ್ಲ. ಟ್ರಂಕನ್ನೇ ಒದ್ದೆ. ಟ್ರಂಕಿಗೆ ಏನೂ ಆಗಲಿಲ್ಲ.

ಊದಿದ ಹೆಬ್ಬೆರಳಿಗೆ ಅರಿಸಿನ ಮೆತ್ತುತ್ತ ನನ್ನ ಹೆಂಡತಿ ನಿಂಗಮ್ಮ ಕೇಳಿದಳು: "ಅಮ್ಮನ ಮುಂದೆ ಒದ್ದೆ ಬಟ್ಟೇಲಿ ಕೂತೋರು ಯಾರು?"

"ನಾನು! ಇನ್ಯಾರು?"

"ಸಿದ್ದನ ಹೆಸ್ರು ಹೇಳುದ್ರಾ?"

ಹೇಳಿರಲಿಲ್ಲ.

"ಯಾರು ಕೂತವ್ರೋ ಅವ್ರಿಗೆ ತಾನೆ ಅಪ್ಪಣೆ? ಹೋದ ವರ್ಷ ಕೆಂಚ ಗದ್ದೆಗೆ ಹೋದ ಅಂತ, ಅವನಿಗೆ ನೋಡಿದ್ದ ಹೆಣ್ಣಿನ ಹೂ ಕೇಳಾಕೆ ಅವನ ತಮ್ಮ ಕೂತಿದ್ದ. ಆ ಹೆಣ್ಣು ಯಾರ ಮನೆ ತುಂಬುದ್ಲು? ತಮ್ಮಂದು! ಈ ವಯಸ್ಸಲ್ಲಿ ನಿಮ್ಗೆ ಮೂಳೆ ಪಾಠ ಬ್ಯಾಡ ಅಂದವ್ಳೆ ತಾಯಿ. ನ್ಯಾಯವಾಗೇ ಹೇಳವ್ಳೆ."

ಮಾದಪ್ಪನನ್ನು ಕರೆಸಿದೆವು. ಅವನೂ ಹೌದೆಂದು ತಲೆಯಾಡಿಸಿದ. ಸಿದ್ದನ ಅಂಗಿಗಳು ಗೂಟದಿಂದ ಇಳಿದು ಟ್ರಂಕು ಸೇರಿದವು. ನನಗೆ ಅಳು ಬಂತು; ಹೆಬ್ಬೆರಳಿನ ನೋವು ಎಂದು ಎಲ್ಲರಿಗೂ ಹೇಳಿದೆ.

ಆಗ ಮಾದಪ್ಪ ಮೆಲ್ಲಗೆ ಕೆಮ್ಮಿದ. "ಈಜಿಗೆ ಬಲಗಡೆ ಹೂ ಬಿದ್ದೈತಲ್ಲಣ್ಣ..."

"ಏನೀಗ?"

"ಅಪ್ಪಣೆ ಮೀರಂಗಿಲ್ಲ."

ಮೊಮ್ಮಗ ಮದರಾಸಿನಲ್ಲಿ ಸೊಗಸಾಗಿ ಮೂಳೆ ಪಾಠ ಓದುತ್ತಿದ್ದಾನೆ. ನಾನು ದಿನಾ ಬೆಳಗ್ಗೆ ಸೊಂಟಕ್ಕೆ ಸೋರೆ ಬುರುಡೆ ಕಟ್ಟಿಕೊಂಡು, ಉರಿಯುವ ಕೋಪವನ್ನೂ ಹೊತ್ತು ಲಕ್ಷ್ಮಣತೀರ್ಥ ಹೊಳೆಗೆ ಇಳಿಯುತ್ತೇನೆ. ದಡದಲ್ಲಿ ನಿಂಗಮ್ಮ ಕಾವಲು. ಅರ್ಧ ಊರು ನಿಂತು "ಕಾಲ್ ಬಡಿ ಕಣಣ್ಣ!" ಎಂದು ಪಾಠ ಹೇಳುತ್ತದೆ. ಬುರುಡೆ ತೇಲುವುದನ್ನು ಚೆನ್ನಾಗಿ ಕಲಿತಿದೆ. ನಾನು ಇನ್ನೂ ನೀರು ಕುಡಿಯುವ ಪಾಠದಲ್ಲೇ ಇದ್ದೇನೆ!