ಅರಿಶಿನದ ಕಲೆ ಹಚ್ಚುವ ಕೆಲಸ

ತೀರಾ ಚೊಕ್ಕಟವಾಗಿರುವುದನ್ನು ಮನುಷ್ಯರ ಕಣ್ಣು ನಂಬುವುದಿಲ್ಲ. ಈ ಒಂದು ತಿಳಿವಳಿಕೆಯ ಮೇಲೆ ನನ್ನ ಸಂಸಾರ ನಡೆಯುತ್ತಿದೆ. ಹೆಬ್ಬಾಳದ ಫ್ಲೈಓವರ್ ಕಾಣುವ ಆಫೀಸಿನಲ್ಲಿ ಕೂತು, ಇನ್ನೂ ಕಟ್ಟದ ಮನೆಗಳನ್ನು ಕಂಪ್ಯೂಟರಿನಲ್ಲಿ ಫೋಟೋದಂತೆ ಮೂಡಿಸುವುದು ನನ್ನ ಉದ್ಯೋಗ. ಬೆಳಕು ಗ್ರಾನೈಟಿನ ಮೇಲೆ ಎಷ್ಟು ಹೊಳೆಯಬೇಕು, ಹತ್ತಿಯ ಪರದೆಯೊಳಗೆ ಎಷ್ಟು ಇಂಗಬೇಕು ಎಂಬ ಲೆಕ್ಕವನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಆದರೂ ಎಲ್ಲ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಆಗ ನಾನು ನೆಲಕ್ಕೊಂದು ಗೀರು, ಬಾಗಿಲ ಹಿಡಿಗೆ ಬೆರಳಿನ ಗುರುತು, ಮೂಲೆಗೆ ಚೂರು ಧೂಳು ಸೇರಿಸುತ್ತೇನೆ. ಹುಣಸಮಾರನಹಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದ ಗೌಡರೊಬ್ಬರು, “ಒಸಾ ಮನೆಗೆ ಗೀರ್ ಯಾಕ್ ಆಕಿದೀರಾ ಸಾಮಿ?” ಎಂದು ಗದರಿದ್ದರು. ಗೀರಿಲ್ಲದ ಚಿತ್ರವನ್ನೂ ಪಕ್ಕದಲ್ಲಿಟ್ಟು ತೋರಿಸಿದೆ. “ಗೀರಿರೋದೇ ಇರ್ಲಿ ಬಿಡಿ, ಯಾರೋ ವಾಸ ಇದ್ದಂಗೈತೆ” ಎಂದರು. ಅಂದಿನಿಂದ ನನ್ನನ್ನು ಹಿಡಿಯುವವರಿರಲಿಲ್ಲ.

ಈಚೆಗೆ ಬ್ಯಾಟರಾಯನಪುರದ ನಮ್ಮ ಮನೆಯ ಅಡುಗೆಕಟ್ಟೆಯ ಕಪ್ಪು ಗ್ರಾನೈಟ್ ಬಿರುಕು ಬಿಟ್ಟಿತು. ದಿನವಿಡೀ ಊರವರ ಅಡುಗೆಮನೆಗೆ ಬಿಳಿ ಕಲ್ಲು ಹಾಸುವವನಿಗೆ ತನಗೂ ಒಂದು ಬೇಕೆನಿಸುವುದು ತಪ್ಪೇ? ಹೆಂಡತಿ ಸುಧಾ ಮಾತ್ರ ಸುತರಾಂ ಒಪ್ಪಲಿಲ್ಲ. ಮಾತಿನಲ್ಲಿ ನಾನು ಅವಳನ್ನು ಎಂದೂ ಗೆದ್ದವನಲ್ಲವಾದ್ದರಿಂದ ಚಿತ್ರ ಮಾಡಲು ಕೂತೆ. ಕಿಟಕಿಯ ಬೆಳಕು, ಒಗ್ಗರಣೆ ಸೌಟು, ಹಾಲಿನಂಥ ಕಟ್ಟೆ. ಕೈ ಸುಮ್ಮನಿರಬೇಕಲ್ಲ, ಒಲೆಯ ಪಕ್ಕ ಮಾಸಲು ಅರಿಶಿನದ ಕಲೆಯೊಂದನ್ನೂ ಹಚ್ಚಿದೆ.

ಸುಧಾ ತುಂಬ ಹೊತ್ತು ನೋಡಿದಳು. “ಕಲೆ ಥೇಟ್ ನಮ್ಮನೇದೇ ಕಣ್ರೀ” ಎಂದಳು. ನಾನು ಉಬ್ಬಿಹೋದೆ.

“ಹಚ್ಚೋಕೆ ಎಷ್ಟೊತ್ತು ಬೇಕಾಯ್ತು?”

“ಅರ್ಧ ದಿನ.”

“ಒರೆಸೋಕೆ?”

ಒಂದು ಗುಂಡಿ ಒತ್ತಿದೆ. ಕಲೆ ಮಾಯವಾಯಿತು. ಅವಳು ನಗಲಿಲ್ಲ. “ನನ್ ಹತ್ರ ಆ ಬಟನ್ ಇಲ್ವಲ್ರೀ” ಎಂದಳು.

ನನಗೆ ನಾಚಿಕೆಯಾಯಿತು. ಕಲ್ಲಿಗೂ ಬೆಳಕಿಗೂ ಇರುವ ಸಂಬಂಧ ಬಲ್ಲೆನೆಂದು ಮೆರೆಯುವ ನನಗೆ, ಕಲ್ಲಿಗೂ ಅದನ್ನು ಒರೆಸುವ ಕೈಗೂ ಒಂದು ಸಂಬಂಧವಿದೆ ಎಂಬುದು ಹೊಳೆದೇ ಇರಲಿಲ್ಲ. ಹಾಗೆಂದು ಆಸೆ ಬಿಡುತ್ತದೆಯೇ? ಇನ್ನು ಮುಂದೆ ಒರೆಸುವ ಕೆಲಸ ನನ್ನದು ಎಂದು ಮಾತು ಕೊಟ್ಟೆ.

ಬಿಳಿ ಕಟ್ಟೆ ಬಂತು. ಅರಿಶಿನ ಕಲ್ಲಿನೊಳಕ್ಕೆ ಎಷ್ಟು ಇಳಿಯುತ್ತದೆ ಎಂಬುದು ನನ್ನ ಸಾಫ್ಟ್‌ವೇರಿಗೂ ಗೊತ್ತಿರಲಿಲ್ಲ. ಮೊನ್ನೆ ಆಫೀಸಿಗೆ ಬಂದ ಗಿರಾಕಿಯೊಬ್ಬರು ತಮ್ಮ ಅಡುಗೆಮನೆಯ ಚಿತ್ರ ನೋಡಿ, “ಬಿಳಿ ಕಲ್ಲು ಸೂಪರ್ ಆಗಿದೆ ಸರ್, ಒಂಚೂರು ಕಲೆ ಹಾಕ್ಬಿಡಿ, ನ್ಯಾಚುರಲ್ ಆಗಿ ಕಾಣ್ಲಿ” ಎಂದರು. ನಾನು ಬಲಭುಜ ನೀವಿಕೊಳ್ಳುತ್ತ, ಅವರಿಗೆ ಕಪ್ಪು ಗ್ರಾನೈಟ್ ತೋರಿಸಿದೆ.