ಪಕ್ಕದ ಓಣಿಗೆ ಹೊಲಿದ ತೋಟ

"ಈ ಓಣೀನ ನಂದನವನ ಮಾಡ್ದೇ ಇದ್ರೆ ನಾನು ಕತ್ತರಿ ಹಿಡಿಯೋದನ್ನೇ ಬಿಟ್ಟುಬಿಡ್ತೀನಿ!"

ದರ್ಜಿ ಹೀಗೆ ಘೋಷಿಸಿದಾಗ ಎದುರಿಗಿದ್ದ ಜನಸಾಗರವೆಂದರೆ ಅವನ ಹೆಂಡತಿ ಮತ್ತು ಒಂದು ಬೆಕ್ಕು. ಬೆಕ್ಕು ಎದ್ದು ಹೋಯಿತು. ಹೆಂಡತಿ ಯಾರದೋ ಅಂಗಿಗೆ ಗುಂಡಿ ಹಚ್ಚುತ್ತ ಕೂತೇ ಇದ್ದಳು.

ಓಣಿ ಎಂದರೆ ಬೀದಿಯಲ್ಲ. ಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ, ಕತ್ತರಿಸಿ ಎಸೆದ ಬಟ್ಟೆಯ ಅಂಚಿನಂತೆ ಉದ್ದಕ್ಕೆ ಬಿದ್ದಿದ್ದ ಜಾಗ. ತಳ ಹೋದ ಬಕೆಟ್ಟು, ಚಕ್ರವಿಲ್ಲದ ಸೈಕಲ್ಲು, ಎಂದಾದರೂ ಬೇಕಾದೀತೆಂದು ಇಟ್ಟ ಪೈಪು, ಎಲ್ಲ ಅಲ್ಲೇ ವಿಶ್ರಾಂತ ಜೀವನ ನಡೆಸುತ್ತಿದ್ದವು. ಅದರ ಕೊನೆಯಲ್ಲಿ ಅಮ್ಮನ ಕೋಣೆಯ ಬಾಗಿಲು. ಮುಂಬಾಗಿಲಿಗೆ ಎತ್ತರದ ಮೆಟ್ಟಿಲುಗಳಿದ್ದವು; ಓಣಿ ಮಾತ್ರ ಸಮತಟ್ಟು.

ಸೊಂಟದ ಮೂಳೆ ಮುರಿದುಕೊಂಡ ಅಮ್ಮ ಆಸ್ಪತ್ರೆಯಲ್ಲಿದ್ದಳು. ಮನೆಗೆ ಹೊರಡುವ ಮಾತು ಬಂದಾಗ ಮಲಗಿದಲ್ಲಿಂದಲೇ ತೀರ್ಪು ಕೊಟ್ಟಿದ್ದಳು. "ನನ್ನ ಕಾಲ ಮೇಲೆ ನಾನೇ ಒಳಗೆ ಹೋಗೋ ಹಾಗಿದ್ರೆ ನಿನ್ನ ಮನೆ. ಮೂಟೆ ಹೊತ್ತ ಹಾಗೆ ಹೊತ್ತುಕೊಂಡು ಹೋಗೋದಾದ್ರೆ ಬೇಡಪ್ಪ, ಮಗಳ ಮನೆಗೇ ಹೋಗ್ತೀನಿ."

"ನಮ್ಮಲ್ಲಿ ಲಿಫ್ಟ್ ಇದೆ," ಎಂದು ಅಕ್ಕ ಕೂಡಲೇ ಸೇರಿಸಿದ್ದಳು. ಆ ಲಿಫ್ಟನ್ನು ತಾನೇ ಹೆತ್ತವಳಂತೆ ಅವಳು ಅದರ ಹೆಸರೆತ್ತುತ್ತಿದ್ದಳು.

ಅಂಗಡಿ ಮುಚ್ಚಿ ಬಂದಾಗ "ಊಟ ಆಯ್ತೇನೋ?" ಎಂದು ಆ ಕೋಣೆಯಿಂದ ಕೇಳುವ ದನಿ ಇಲ್ಲದ ಮನೆಯನ್ನು ದರ್ಜಿ ಊಹಿಸಿಯೇ ಇರಲಿಲ್ಲ. ಅಮ್ಮ ನಡೆದೇ ಬರಬೇಕು. ಬರುವ ದಾರಿ ಎರಡು ಕಣ್ಣು ಸಾಲದಷ್ಟು ಚೆಂದವಿರಬೇಕು. ಮಣ್ಣು ಮುಟ್ಟದೆ ಕೈ ತುರಿಸುತ್ತದೆ ಎಂದು ಗೊಣಗುತ್ತಿದ್ದವಳು ಬಾಯಿ ಮುಚ್ಚಿ ನಿಲ್ಲಬೇಕು!

ಕೆಲಸ ಭರದಿಂದ ಸಾಗಿತು. ಬಕೆಟ್ಟು, ಸೈಕಲ್ಲು ಗುಜರಿಗೆ ಹೋದವು. ಕಾಂಪೌಂಡಿನ ಉದ್ದಕ್ಕೂ ಮೊಣಕಾಲೆತ್ತರದ ಇಟ್ಟಿಗೆ ಕಟ್ಟೆ ಎದ್ದಿತು. ಅದರೊಳಗೆ ಗೊಬ್ಬರದ ಮಣ್ಣು, ಟೊಮೆಟೊ, ಮೆಣಸಿನಕಾಯಿ, ಪುದೀನ. ಮನೆಯ ಗೋಡೆಗೆ ಬಳ್ಳಿ ಹಬ್ಬಲು ಬಿದಿರಿನ ಜಾಲರಿ. ಇವೆರಡರ ನಡುವೆ ಚಪ್ಪಡಿ ಕಲ್ಲಿನ ಕಾಲುದಾರಿ.

"ರೀ, ದಾರಿ ಯಾಕೋ ಸಣ್ಣದಾಯ್ತು. ಟೇಪ್ ಹಿಡಿದು ಒಂದ್ಸಲ ನೋಡಬಾರ್ದಾ?"

"ಟೇಪಾ? ನನಗಾ?" ದರ್ಜಿ ನಕ್ಕ. "ಬಾಗಿಲಲ್ಲಿ ಗಿರಾಕಿ ಕಾಣಿಸ್ತಿದ್ದ ಹಾಗೇ ಭುಜದ ಅಳತೆ ಹೇಳೋನು ನಾನು. ನಮ್ಮಮ್ಮನ ಅಳತೆ ನನಗೆ ಗೊತ್ತಿಲ್ವಾ? ಭುಜದಗಲ, ಮೇಲೆ ಎರಡು ಬೆರಳು ಸಡಿಲ. ಕೈಗವಸಿನ ಹಾಗೆ ಕೂರುತ್ತೆ, ನೋಡ್ತಿರು!"

ಹೆಂಡತಿ ದಾರ ಕಚ್ಚಿ ತುಂಡು ಮಾಡಿದಳು.

ಭಾನುವಾರ ಅಕ್ಕನ ಕಾರು ಬಂದು ನಿಂತಿತು. ಮೊದಲು ಇಳಿದದ್ದು ಅಮ್ಮನಲ್ಲ, ನಾಲ್ಕು ಕಾಲಿನ ಒಂದು ಅಲ್ಯುಮಿನಿಯಂ ಚೌಕಟ್ಟು. ವಾಕರ್! ದರ್ಜಿ ಅದನ್ನು ನೋಡಿರಲೇ ಇಲ್ಲ. ಅವನು ಆಸ್ಪತ್ರೆಗೆ ಹೋದಾಗಲೆಲ್ಲ ಅಮ್ಮ ಹಾಸಿಗೆಯಲ್ಲೇ ಇರುತ್ತಿದ್ದಳು.

ಅಮ್ಮ ಅದನ್ನು ಹಿಡಿದು ಎದ್ದಳು. ಓಣಿಯ ಬಾಯಲ್ಲಿ ನಿಂತು ಹಸಿರು ನೋಡಿದಳು. ಅವಳ ಮುಖ ಅರಳಿತು. ಟಕ್, ಒಂದು ಹೆಜ್ಜೆ. ಟಕ್, ಇನ್ನೊಂದು. ದರ್ಜಿ ಎದೆಯುಬ್ಬಿಸಿ ಹಿಂದೆಯೇ ನಡೆದ. ಮೊದಮೊದಲು ವಾಕರ್ ಕಟ್ಟೆಯನ್ನು ಬರೀ ಸವರುತ್ತಿತ್ತು. ಓಣಿಯ ನಡುಮಧ್ಯೆ, ಗೋಡೆ ದಾರಿಯತ್ತ ತುಸು ಬಾಗಿದ್ದಲ್ಲಿ, ಕರ್‌ರ್ ಎಂದು ಕಚ್ಚಿಕೊಂಡು ನಿಂತಿತು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ಒಂದು ಕಾಲು ಬಿದಿರಿನಲ್ಲಿ, ಒಂದು ಇಟ್ಟಿಗೆಯ ಸಂದಿಯಲ್ಲಿ. ಅಮ್ಮ ನಂದನವನದಲ್ಲಿ ಸಿಕ್ಕಿಹಾಕಿಕೊಂಡಿದ್ದಳು!

ಹಿಂದಿನಿಂದ ಅಕ್ಕನ ದನಿ ಬಂತು. "ನಾನು ಹೇಳ್ಲಿಲ್ವಾ? ಬಾ ಅಮ್ಮ, ಹೊರಡೋಣ. ನಮ್ಮಲ್ಲಿ ಲಿಫ್ಟ್..."

ಆಗ ದರ್ಜಿಗೆ ಹೊಳೆಯಿತು. ತಾನು ತೆಗೆದದ್ದು ಆಸ್ಪತ್ರೆಗೆ ಹೋದ ಅಮ್ಮನ ಅಳತೆ. ಅಲ್ಲಿಂದ ಬಂದವಳ ಅಳತೆಯೇ ಬೇರೆ. ಅವಳಿಗೆ ಈಗ ಆರು ಕಾಲು, ಹಿಡಿಯಷ್ಟು ಜೀವ. ವರ್ಷಗಟ್ಟಲೆ ಜನರ ಮೈಯಳೆದವನು ಮನೆಯಲ್ಲಿ ಮುದಿಯಾಗುತ್ತಿದ್ದವಳನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

"ಎತ್ತಿಕೊಳ್ಳಲಾ ಅಮ್ಮ?" ಎಂದು ಕೇಳುವ ಧೈರ್ಯವೂ ಬರಲಿಲ್ಲ.

ಅಮ್ಮ ವಾಕರಿನಿಂದ ಒಂದು ಕೈ ಬಿಟ್ಟಳು, ಕಟ್ಟೆ ಹಿಡಿದಳು, ಮೆಲ್ಲಗೆ ಅದರ ಮೇಲೆ ಕೂತಳು. ಬೆರಳುಗಳು ತಾವಾಗಿಯೇ ಮಣ್ಣಿಗಿಳಿದವು.

"ಈ ಟೊಮೆಟೊ ಸಸಿಗಳನ್ನ ಇಷ್ಟು ಒತ್ತೊತ್ತಾಗಿ ನೆಟ್ಟಿದ್ದು ಯಾರೋ?"

"ನಾನೇ ಅಮ್ಮ."

"ಇವಕ್ಕೂ ಮೈಗೆ ಅಂಟೋ ಹಾಗೇ ಹೊಲಿದಿದ್ದೀಯ. ಬೆಳೆಯೋದು ಬೇಡ್ವೇನೋ?" ಅಮ್ಮ ಒಂದು ಸಸಿಯನ್ನು ಬೇರು ಸಮೇತ ಎತ್ತಿ ಅತ್ತ ನೆಟ್ಟಳು. "ಫಿಟ್ಟಿಂಗ್ ಚೆನ್ನಾಗಿದೆ. ಉಸಿರಾಡೋ ಹಾಗಿಲ್ಲ, ಅಷ್ಟೇ!"

ಹೆಂಡತಿ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು.

"ನೀನು ಹೊರಡೇ," ಅಮ್ಮ ಮಗಳಿಗೆ ಹೇಳಿದಳು. "ನಿನ್ನ ಲಿಫ್ಟಿನಲ್ಲಿ ಏನೂ ಬೆಳೆಯಲ್ಲ. ಇವನ ಕೈಗೆ ಬಿಟ್ಟುಹೋದ್ರೆ ಈ ಸಸಿಗಳು ವಾರ ಬದುಕಲ್ಲ." ಆಮೇಲೆ ಸೊಸೆಯ ಕಡೆ ಕೈ ಚಾಚಿದಳು. "ನಿನ್ನ ಗಂಡನ ಜೇಬಲ್ಲಿ ಸೀಮೆಸುಣ್ಣ ಇರುತ್ತೆ, ಈಸ್ಕೊಂಡು ಕೊಡಮ್ಮ."

ಕಟ್ಟೆಯ ಮೇಲೆ ಅಮ್ಮ ಉದ್ದಕ್ಕೆ ಒಂದು ಗೆರೆ ಎಳೆದಳು. "ಇಲ್ಲೀತನಕ ಬಿಚ್ಚು. ನಾನು ಕೂತಿರ್ತೀನಿ. ನಡೆದೇ ಒಳಗೆ ಹೋಗೋಳು ನಾನು."

ದರ್ಜಿ ಉಳಿ ಸುತ್ತಿಗೆ ಹಿಡಿದು ಮೊಣಕಾಲೂರಿದ. ಇಟ್ಟಿಗೆಗಳು ಒಂದೊಂದಾಗಿ ಕಳಚತೊಡಗಿದವು. ಪಕ್ಕದಲ್ಲೇ ಅಮ್ಮ ಸಸಿಗಳಿಗೆ ಜಾಗ ಮಾಡಿಕೊಡುತ್ತಿದ್ದಳು.

"ರೀ, 'ಒಮ್ಮೆ ಹೊಲಿದದ್ದನ್ನು ಬಿಚ್ಚಿ ಹೊಲಿಯುವುದಿಲ್ಲ' ಅಂತ ಅಂಗಡೀಲಿ ಬೋರ್ಡ್ ತೂಗುಹಾಕಿದ್ದೀರಲ್ಲ," ಹೆಂಡತಿ ಕೆಣಕಿದಳು. "ಅದನ್ನೇನು ಮಾಡ್ತೀರಿ?"

"ಅದರ ಹಲಗೆ ಗಟ್ಟಿಯಾಗಿದೆ," ದರ್ಜಿ ತಲೆಯೆತ್ತದೆ ಹೇಳಿದ. "ಅಮ್ಮನಿಗೆ ಇಲ್ಲಿ ಕೂರೋಕೆ ಬೆಂಚಾಗುತ್ತೆ."

"ಬೆಂಚು ಎಷ್ಟಗಲ ಮಾಡ್ತೀಯೋ?" ಅಮ್ಮ ಕೇಳಿದಳು.

ದರ್ಜಿ ಒಂದು ಕಣ್ಣು ಮುಚ್ಚಿ ಅಮ್ಮನನ್ನು ಅಳೆದ. ಉತ್ತರ ತುಟಿಯವರೆಗೆ ಬಂತು. ಅದನ್ನು ನುಂಗಿಕೊಂಡು ಹೆಂಡತಿಯ ಕಡೆ ಕೈ ಚಾಚಿದ.

"ಆ ಟೇಪ್ ಸ್ವಲ್ಪ ಕೊಡೇ."